ಮಗಳಿಗೊಂದು ಪತ್ರ: ನಿನ್ನ ಕೈಪಿಡಿಯ ಮೊದಲ ಪುಟ

ಸಾಗರ, ಭಾನುವಾರ

ಪುಟ್ಟೀ,

ಊಟಕ್ಕೂ ಕೂರದೆ ಬಸ್ಸು ಹತ್ತಿಬಿಟ್ಟೆ. ಜಗಲಿಯಲ್ಲಿ ನೆಂಟರೆದುರು ನಾನು ಆಡಿದ್ದನ್ನು ಮತ್ತೆ ಬರೆಯುವುದಿಲ್ಲ, ಇಬ್ಬರಿಗೂ ನೆನಪಿದೆ. ಹಾಗೆ ಹೇಳಬಾರದಿತ್ತು, ತಪ್ಪಾಯಿತು ಮಗಳೇ. ಆದರೆ ಹೇಳಿದ ವಿಷಯವನ್ನು ಬಿಡಲು ಮನಸ್ಸು ಒಪ್ಪುತ್ತಿಲ್ಲ. ನಾಳೆ ನೀನು ವಿಧಾನಸೌಧದಲ್ಲಿ ಕೆಲಸಕ್ಕೆ ಹಾಜರಾಗುವವಳು, ಶಾಲೆ ಮಕ್ಕಳ ಕೈಗೆ ಕೊಡಲು ಬರೆದಿರುವ ಆ ಕೈಪಿಡಿಯೂ ನಿನ್ನ ಜೊತೆಗೇ ಹೋಗಿದೆ. ಅದರ ಮೊದಲ ಪುಟದಲ್ಲಿ ‘1881ರಿಂದಲೇ ನಮ್ಮಲ್ಲಿ ಪ್ರಜಾಪ್ರಭುತ್ವ ಇತ್ತು’ ಎಂದಿದೆ. ನನ್ನ ತಕರಾರು ಆ ಸಾಲಿನ ಮೇಲೆ.

ಆ ವರ್ಷ ಆದದ್ದು ಇಷ್ಟು. ಮಾರ್ಚ್ 25ಕ್ಕೆ ಬ್ರಿಟಿಷರು ಚಾಮರಾಜೇಂದ್ರ ಒಡೆಯರಿಗೆ ಮೈಸೂರು ರಾಜ್ಯ ಬಿಟ್ಟುಕೊಟ್ಟರು. ದಿವಾನರು ಸಿ. ರಂಗಾಚಾರ್ಲು. ಆಗಸ್ಟ್ 25ರಂದು ಪ್ರಜಾಪ್ರತಿನಿಧಿ ಸಭೆಯ ಆದೇಶ ಹೊರಟಿತು, ದಸರೆಯ ಹೊತ್ತಿಗೆ, ಅಕ್ಟೋಬರ್ 7ರಂದು, ಮೈಸೂರಿನಲ್ಲಿ ಮೊದಲ ಸಭೆ ಸೇರಿತು. ಬಂದವರು 144 ಮಂದಿ. ಅವರನ್ನು ಆರಿಸಿದ್ದು ಓಟಿನಿಂದಲ್ಲ. ಸ್ಥಳೀಯ ನಿಧಿ ನೋಡಿಕೊಳ್ಳುವ ಲೋಕಲ್ ಫಂಡ್ ಬೋರ್ಡುಗಳು ತಾಲ್ಲೂಕಿಗೆ ಒಬ್ಬಿಬ್ಬರು ತಿಳಿವಳಿಕಸ್ಥ, ವರ್ಚಸ್ಸುಳ್ಳ ಜಮೀನುದಾರರನ್ನೂ, ಜಿಲ್ಲೆಗೆ ಮೂರ್ನಾಲ್ಕು ದೊಡ್ಡ ವರ್ತಕರನ್ನೂ ಹೆಸರಿಸಿ ಕಳಿಸಿದವು. ದಿವಾನರು ವರ್ಷದ ಜಮಾಖರ್ಚು ಓದಿದರು, ಮುಂದೆ ಏನು ಮಾಡುತ್ತೇವೆಂದು ಹೇಳಿದರು. ಬಂದವರು ತಮ್ಮ ಸೀಮೆಯ ಕಷ್ಟ ಹೇಳಿಕೊಳ್ಳಬಹುದಿತ್ತು. ಕಾನೂನು ಮಾಡುವ, ತೆರಿಗೆ ತಡೆಯುವ ಅಧಿಕಾರ ಅವರಿಗಿರಲಿಲ್ಲ.

ಇದನ್ನು ಸಣ್ಣದೆಂದು ನಾನು ಹೇಳುತ್ತಿಲ್ಲ. ದಿವಾನರು ರೈತರೆದುರು ನಿಂತು ಲೆಕ್ಕ ಒಪ್ಪಿಸುವುದನ್ನು ದೇಶದ ಬೇರೆ ಸಂಸ್ಥಾನಗಳು ಅದುವರೆಗೆ ಕಂಡಿರಲಿಲ್ಲ. ನೀನು ಹೆಮ್ಮೆಯಿಂದ ಬರೆದದ್ದು ನನಗೂ ಹೆಮ್ಮೆಯೇ. ನನ್ನ ಸಂಕಟ ಬೇರೆ. ನಿನ್ನ ಕೈಪಿಡಿ ಓದುವ ಮಕ್ಕಳಲ್ಲಿ ನಮ್ಮ ಸಾಗರ ತಾಲ್ಲೂಕಿನ ಕಾಗೋಡಿನವರೂ ಇರುತ್ತಾರೆ. ಅವರ ಮುತ್ತಜ್ಜಂದಿರು ಬೇರೆಯವರ ಗದ್ದೆಯನ್ನು ಗೇಣಿಗೆ ಮಾಡಿದವರು. ಆದೇಶದಲ್ಲಿದ್ದದ್ದು ಜಮೀನುದಾರ ಮತ್ತು ವರ್ತಕ. ಗೇಣಿದಾರನ ಹೆಸರೇ ಅದರಲ್ಲಿಲ್ಲ. ‘ನಮ್ಮಲ್ಲಿ’ ಎಂದು ಬರೆದೆಯಲ್ಲ, ಆ ‘ನಮ್ಮ’ಲ್ಲಿ ಅವರು ಸೇರುತ್ತಾರೆಯೇ? ರಾತ್ರಿಯಿಡೀ ಇದೇ ಯೋಚನೆ.

ರಂಗಾಚಾರ್ಲು ಅವರ ನಂತರ ದಿವಾನರಾದ ಶೇಷಾದ್ರಿ ಅಯ್ಯರ್ ಅವರ ಕಾಲಕ್ಕೆ, 1890ರ ಆಚೀಚೆ, ಚುನಾವಣೆ ಬಂತು. ಬಂದರೂ ಓಟು ಇದ್ದದ್ದು ಇಂತಿಷ್ಟು ಕಂದಾಯ, ಇಂತಿಷ್ಟು ಮೊಹತರ್ಫ (ಕಸುಬು, ಅಂಗಡಿಗಳ ಮೇಲಿನ ತೆರಿಗೆ) ಕಟ್ಟುವವನಿಗೆ, ಇಲ್ಲವೇ ಪದವೀಧರನಿಗೆ. ಗೇಣಿದಾರನು ಭತ್ತ ಅಳೆದು ಒಡೆಯನಿಗೆ ಕೊಡುತ್ತಿದ್ದ, ಕಂದಾಯದ ರಸೀತಿ ಒಡೆಯನ ಹೆಸರಿಗೇ ಆಗುತ್ತಿತ್ತು. ಗದ್ದೆಯಲ್ಲಿ ನಿಂತವನು ಮತದಾರರ ಪಟ್ಟಿಯಿಂದ ಹೊರಗುಳಿದದ್ದು ಹೀಗೆ. ಇದೊಂದನ್ನು ಮಕ್ಕಳಿಗೆ ಬಿಡಿಸಿ ಹೇಳು, ಉಳಿದದ್ದು ಅವರಿಗೇ ತಿಳಿಯುತ್ತದೆ.

ಮಧ್ಯದ ವರ್ಷಗಳನ್ನು ನೀನು ಕಲಸಿಬಿಟ್ಟಿದ್ದೀಯ. 1907ರಲ್ಲಿ ಬಂದದ್ದು ನ್ಯಾಯವಿಧಾಯಕ ಸಭೆ, ಎಂದರೆ ಕಾನೂನು ಮಾಡಲು ಇದ್ದ ಲೆಜಿಸ್ಲೇಟಿವ್ ಕೌನ್ಸಿಲ್. ಅದು ಪ್ರಜಾಪ್ರತಿನಿಧಿ ಸಭೆಯ ಹೊಸ ಹೆಸರಲ್ಲ, ಬೇರೆಯೇ ಸದನ. ಎರಡೂ ಒಟ್ಟಿಗೆ ನಡೆದವು. 1923ರ ಸುಧಾರಣೆಯಲ್ಲಿ ಪ್ರತಿನಿಧಿ ಸಭೆಗೆ 250, ನ್ಯಾಯವಿಧಾಯಕ ಸಭೆಗೆ 50 ಸದಸ್ಯರಾದರು. ಆ ಸುಧಾರಣೆಯ ಹಿಂದೆ ಇದ್ದದ್ದು ಮೈಸೂರು ವಿಶ್ವವಿದ್ಯಾಲಯದ ಕುಲಪತಿ ಬ್ರಜೇಂದ್ರನಾಥ ಸೀಲ್ ಅವರ ಸಮಿತಿ. ಹೊಸ ತೆರಿಗೆಗೆ, ಕಾನೂನಿನ ಮೂಲತತ್ವಕ್ಕೆ ಪ್ರತಿನಿಧಿ ಸಭೆಯ ಅಭಿಪ್ರಾಯ ಕೇಳಲೇಬೇಕೆಂದಾಯಿತು, ಬಜೆಟ್ ಬೇಡಿಕೆಗಳಿಗೆ ಮತ ಹಾಕುವ ಹಕ್ಕು ನ್ಯಾಯವಿಧಾಯಕ ಸಭೆಗೆ ಸಿಕ್ಕಿತು. ಹೆಂಗಸರಿಗೆ ಓಟಿನ ದಾರಿ ತೆರೆದದ್ದೂ ಆಗಲೇ, ಆಸ್ತಿಯ ಷರತ್ತು ಮಾತ್ರ ಹಾಗೇ ಉಳಿಯಿತು. 1940ರ ಕಾಯ್ದೆ ಈ ಸಂಖ್ಯೆಗಳನ್ನು 310 ಮತ್ತು 68ಕ್ಕೆ ಏರಿಸಿತು. ನೀನು 310ನ್ನು 1923ಕ್ಕೆ ಹಾಕಿದ್ದೀಯ, ತಿದ್ದು. 1947ರ ಅಕ್ಟೋಬರಿನಲ್ಲಿ ಕಾಂಗ್ರೆಸ್ಸಿನ ಕೆ.ಸಿ. ರೆಡ್ಡಿಯವರು ಮುಖ್ಯಮಂತ್ರಿಯಾದ ಸರ್ಕಾರ ಬಂತು, 1949ರ ಡಿಸೆಂಬರಿನಲ್ಲಿ ಎರಡೂ ಹಳೆಯ ಸಭೆಗಳು ಮುಗಿದವು. ಮುಂದೆ ಚುನಾವಣೆಯವರೆಗೆ ಶಾಸನ ಸಭೆಯ ಕೆಲಸ ನಡೆಸಿದ್ದು ಮೈಸೂರಿನ ಸಂವಿಧಾನ ಸಭೆ.

ಈಗ ನೀನು ಒಂದೇ ಸಾಲಿನಲ್ಲಿ ದಾಟಿಸಿದ ದಿನಕ್ಕೆ ಬರುತ್ತೇನೆ. 1952ರ ಜೂನ್ 18, ಎಲ್ಲರ ಓಟಿನಿಂದ ಆರಿಸಿ ಬಂದ ಮೈಸೂರು ವಿಧಾನಸಭೆ ಮೊದಲ ಸಲ ಸೇರಿದ ದಿನ. ಚಿತ್ರಕ್ಕೆ ವಿಧಾನಸೌಧ ಹಾಕಿದ್ದೀಯ, ತೆಗೆ. ಆಗಿನ್ನೂ ಅದನ್ನು ಕಟ್ಟುತ್ತಿದ್ದರು. ಸಭೆ ಸೇರಿದ್ದು ಎದುರಿನ ಅಠಾರಾ ಕಚೇರಿಯಲ್ಲಿ, ಈಗ ಹೈಕೋರ್ಟ್ ಇರುವಲ್ಲಿ. ಗೆದ್ದು ಬಂದವರು 99, ನಾಮಕರಣಗೊಂಡವರು ಒಬ್ಬರು. ವಿ. ವೆಂಕಟಪ್ಪನವರು ಹಂಗಾಮಿ ಸಭಾಧ್ಯಕ್ಷರಾಗಿ ಪ್ರಮಾಣ ಬೋಧಿಸಿದರು. ಆಮೇಲೆ ಸಭಾಧ್ಯಕ್ಷರ ಚುನಾವಣೆ. ಒಂದು ಕಡೆ ಕಾಂಗ್ರೆಸ್ಸಿನ ಎಚ್. ಸಿದ್ದಯ್ಯ, ಇನ್ನೊಂದು ಕಡೆ ಸಾಗರ-ಹೊಸನಗರದಿಂದ ಆರಿಸಿ ಬಂದ ಸಮಾಜವಾದಿ ಶಾಂತವೇರಿ ಗೋಪಾಲಗೌಡರು. ಸಿದ್ದಯ್ಯನವರಿಗೆ 74 ಮತ ಬಂದವು. ಗೌಡರು ಸೋತರು.

ಸೋಲುತ್ತೇನೆಂದು ಅವರಿಗೆ ಗೊತ್ತಿರಲಿಲ್ಲವೇ? ಕಾಂಗ್ರೆಸ್ಸಿನ ಬಲ ಎಲ್ಲರ ಕಣ್ಣೆದುರೇ ಇತ್ತು. ಆದರೂ ನಿಂತರು. ಎದುರು ಹೆಸರೇ ಇಲ್ಲದಿದ್ದರೆ ಮತ ಎಣಿಸುವ ಪ್ರಶ್ನೆ ಬರುತ್ತಿರಲಿಲ್ಲ, ಅವಿರೋಧ ಆಯ್ಕೆ ಎಂದು ದಾಖಲೆಯಾಗುತ್ತಿತ್ತು. ಅವರು ನಿಂತದ್ದರಿಂದ ಸದನದ ಮೊದಲ ದಿನದಲ್ಲೇ ಒಂದು ಎಣಿಕೆ ನಡೆಯಿತು, ವಿರೋಧ ಪಕ್ಷವೊಂದು ಇದೆಯೆಂಬುದು ಕಾಗದಕ್ಕೆ ಬಂತು. ಹಿಂದಿನ ವರ್ಷ ಕಾಗೋಡಿನಲ್ಲಿ ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರಕ್ಕಾಗಿ ಸತ್ಯಾಗ್ರಹ ನಡೆದಿತ್ತು. ಅದೇ ತಾಲ್ಲೂಕಿನಲ್ಲಿ ಈ ಸಲ ಕಂದಾಯದ ರಸೀತಿ ಕೇಳದೆ ಎಲ್ಲರಿಗೂ ಓಟು ಸಿಕ್ಕಿತ್ತು. 1881ರಲ್ಲಾಗಿದ್ದರೆ ಇಲ್ಲಿಂದ ಹೋಗಬೇಕಾದವನು ಬೋರ್ಡು ಹೆಸರಿಸಿದ ಜಮೀನುದಾರ. 1952ರಲ್ಲಿ ಹೋದವರು ಗೇಣಿದಾರರ ಪರ ನಿಂತವರು. ಇವೆರಡನ್ನೂ ಒಂದೇ ಪುಟದಲ್ಲಿ ಅಕ್ಕಪಕ್ಕ ಇಡು, ನನಗೆ ಬೇಕಾದದ್ದು ಅಷ್ಟೇ. ಆಗ ಗೌಡರಿಗೆ 29 ವರ್ಷ, ಈಗಿನ ನಿನ್ನ ವಯಸ್ಸು. ಗೇಣಿ ಪದ್ಧತಿಯನ್ನೇ ಅಳಿಸಿದ 1974ರ ಭೂಸುಧಾರಣೆಯನ್ನು ನೋಡಲು ಅವರಿರಲಿಲ್ಲ, 1972ರಲ್ಲೇ ತೀರಿಕೊಂಡರು.

ಇನ್ನು ಸಣ್ಣಪುಟ್ಟ ತಪ್ಪುಗಳು. ಏಕೀಕರಣದ ನಂತರದ ಹೊಸ ರಾಜ್ಯದ ಸದನ ವಿಧಾನಸೌಧದಲ್ಲಿ ಮೊದಲು ಸೇರಿದ್ದು 1956ರ ಡಿಸೆಂಬರ್ 19ರಂದು. ಸ್ಥಾನಗಳು 1957ಕ್ಕೆ 208, 1967ಕ್ಕೆ 216, 1978ಕ್ಕೆ 224 ಆದವು. ನೀನು ಎಲ್ಲ ಕಡೆ 224 ಎಂದೇ ಹಾಕಿದ್ದೀಯ. 1973ರ ನವೆಂಬರ್ 1ಕ್ಕೆ ಮುಂಚಿನದಕ್ಕೆ ಕರ್ನಾಟಕ ವಿಧಾನಸಭೆ ಎನ್ನಬೇಡ, ಮೈಸೂರು ವಿಧಾನಸಭೆ ಎನ್ನು. ಹಳೆಯ ನಡವಳಿಗಳನ್ನು ತೆಗೆದಾಗ ಮೊದಲು ಇಸವಿ, ಆಮೇಲೆ ಯಾವ ಸಭೆ, ಆಮೇಲೆ ಸದಸ್ಯನನ್ನು ಕಳಿಸಿದವರು ಯಾರು, ಈ ಮೂರನ್ನು ಬರೆದಿಟ್ಟುಕೊಂಡೇ ಭಾಷಣ ಓದು. ಇಸವಿ ಬಿಟ್ಟರೆ ಸಂಖ್ಯೆ ತಪ್ಪುತ್ತದೆ, ಸಭೆ ಬಿಟ್ಟರೆ ಅಧಿಕಾರ ತಪ್ಪುತ್ತದೆ. ನೋಡು, ಮತ್ತೆ ಪಾಠ ಶುರುವಾಯಿತು. ಬೇಸರ ಮಾಡಿಕೊಳ್ಳಬೇಡ.

ಅಮ್ಮ ಅಪ್ಪೆಮಿಡಿ ಭರಣಿಯನ್ನು ಗುರುವಾರ ಬರುವವರ ಕೈಲಿ ಕಳಿಸುತ್ತಾಳೆ. ಮುಟ್ಟಿದ ಮೇಲೆ ಅವಳಿಗಾದರೂ ಫೋನು ಮಾಡು. ತಿದ್ದಿದ ಪುಟಗಳನ್ನು ಅವರು ವಾಪಸು ಬರುವಾಗ ಕೊಟ್ಟು ಕಳಿಸು. ಈ ಸಲ ಪೆನ್ಸಿಲಿನಲ್ಲಿ ಗುರುತು ಹಾಕುತ್ತೇನೆ.

ನಿನ್ನ
ಅಪ್ಪಯ್ಯ