ಏನೂ ಸಿಗದ ಎರಡು ತಿಂಗಳು

ಜಿನೀವಾ, ಜನವರಿ

ಪ್ರೀತಿಯ ಅಪ್ಪಾಜಿಗೆ, ಅವ್ವನಿಗೆ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ಇಲ್ಲಿ ಚಳಿ ಜಾಸ್ತಿ. ನಮ್ಮ ಸರ್ನ್ ಪ್ರಯೋಗಾಲಯದಲ್ಲಿ ಕಣಗಳನ್ನು ಡಿಕ್ಕಿ ಹೊಡೆಸುವ ಯಂತ್ರ ಸದ್ಯಕ್ಕೆ ನಿಂತಿದೆ. ಚಳಿಗಾಲದಲ್ಲಿ ನಿಲ್ಲಿಸುವುದು ಇಲ್ಲಿನ ರೂಢಿ. ರಿಪೇರಿಯೂ ಆಗುತ್ತದೆ, ಕರೆಂಟೂ ಉಳಿಯುತ್ತದೆ. ಎಲ್ಲರ ಮನೆಯಲ್ಲೂ ಹೀಟರ್ ಉರಿಯುವ ಕಾಲ ನೋಡಿ. ಯಂತ್ರ ಓಡುವ ವರ್ಷ ಸರ್ನ್‌ಗೆ ಸುಮಾರು 130 ಕೋಟಿ ಯೂನಿಟ್ ಕರೆಂಟು ಬೇಕು. ಪಂಪ್‌ಸೆಟ್‌ಗೆ ಕರೆಂಟು ಯಾವಾಗ ಬರುತ್ತೋ ಅಂತ ರಾತ್ರಿಯೆಲ್ಲ ಎದ್ದಿರುವ ನೀವು ಈ ಲೆಕ್ಕ ಕೇಳಿದರೆ ಬೈಯುತ್ತೀರಿ, ಗೊತ್ತು.

ಮೊನ್ನೆ ಫೋನಿನಲ್ಲಿ ಮಾವ ಕೇಳಿದರಲ್ಲ, "ಇಷ್ಟು ವರ್ಷ ಆಯ್ತು ಕಣವ್ವ, ಏನಾರ ಸಿಕ್ತಾ?" ಅಂತ. ಅಷ್ಟರಲ್ಲಿ ಲೈನ್ ಕಟ್ಟಾಯಿತು. ಉತ್ತರ ಇಲ್ಲಿ ಬರೆಯುತ್ತೇನೆ, ಅವರಿಗೂ ಓದಿ ಹೇಳಿ.

ಸಿಕ್ಕಿಲ್ಲ. ನಮ್ಮ ಗುಂಪು ಹುಡುಕುವ ಕಣ ಇದುವರೆಗೆ ಕಂಡಿಲ್ಲ. "ಇಷ್ಟು ತೂಕದವರೆಗೆ ಅಂಥ ಕಣ ಇಲ್ಲ" ಅಂತ ಬರೆದು ಪ್ರಕಟಿಸುತ್ತೇವೆ. ಆಮೇಲೆ ಇನ್ನೂ ಭಾರದ ಕಡೆ ಹುಡುಕುತ್ತೇವೆ. ಮಾವನಿಗೆ ಇದು ಸಂಬಳ ತಗೊಂಡು ಸುಮ್ನೆ ಕೂತ ಹಾಗೆ ಕೇಳಿಸಬಹುದು. ಆದರೆ "ಇಲ್ಲ" ಅಂತ ಗಟ್ಟಿಯಾಗಿ ಹೇಳುವುದು ಸುಲಭದ ಕೆಲಸ ಅಲ್ಲ.

ನೆಲದಿಂದ ಸುಮಾರು 100 ಮೀಟರ್ ಕೆಳಗೆ 27 ಕಿ.ಮೀ. ಸುತ್ತಳತೆಯ ಸುರಂಗ ಇದೆ. ಅದರಲ್ಲಿ ಪ್ರೋಟಾನ್‌ಗಳ ಗುಂಪುಗಳು ಎದುರುಬದುರು ಓಡುತ್ತವೆ. ಸೆಕೆಂಡಿಗೆ ಸುಮಾರು 4 ಕೋಟಿ ಸಲ ಒಂದನ್ನೊಂದು ಹಾದುಹೋಗುತ್ತವೆ, ಆಗ ಕೆಲವು ಪ್ರೋಟಾನ್‌ಗಳು ಡಿಕ್ಕಿ ಹೊಡೆಯುತ್ತವೆ. ಅಷ್ಟನ್ನೂ ಬರೆದಿಡಲು ಯಾವ ಕಂಪ್ಯೂಟರಿಗೂ ಸಾಧ್ಯವಿಲ್ಲ. ಹಾಗಾಗಿ ಕೆಲವು ಸಾವಿರ ಮಾತ್ರ ಉಳಿಸಿಕೊಂಡು ಮಿಕ್ಕಿದ್ದನ್ನು ಆ ಕ್ಷಣವೇ ಬಿಸಾಡುತ್ತೇವೆ. ಉಳಿದದ್ದರ ನಕ್ಷೆ ಬಿಡಿಸಿ, ಎಲ್ಲಾದರೂ ಗುಡ್ಡದ ಹಾಗೆ ಉಬ್ಬು ಇದೆಯಾ ಅಂತ ನೋಡುತ್ತೇವೆ. ಉಬ್ಬು ಇದ್ದರೆ ಅಲ್ಲಿ ಹೊಸ ಕಣ ಇರಬಹುದು.

ಉಬ್ಬು ಕಂಡರೆ ಎಲ್ಲರಿಗೂ ಹುಚ್ಚು ಹಿಡಿಯುತ್ತದೆ. ತಾಪತ್ರಯ ಇರುವುದೇ ಅಲ್ಲಿ. ನಮ್ಮೂರ ಬೀದಿಯಲ್ಲಿ ಥೇಟ್ ಮಾವನ ಹಾಗೇ ಇರುವ ಅಪರಿಚಿತ ಎದುರಾದರೆ ಆಶ್ಚರ್ಯ ಆಗಬೇಕು. ದಸರೆಯ ದಿನ ಸಯ್ಯಾಜಿರಾವ್ ರಸ್ತೆಯ ಜನಜಂಗುಳಿಯಲ್ಲಿ ಹುಡುಕಿದರೆ ಅಂಥ ಒಬ್ಬ ಸಿಗದಿದ್ದರೇ ಆಶ್ಚರ್ಯ. ನಾವು ನೋಡುವುದು ಜನಜಂಗುಳಿಯನ್ನೇ. ಸಾವಿರ ನಕ್ಷೆಗಳಲ್ಲಿ ಒಂದೆರಡು ಕಡೆ ಸುಮ್ಮಸುಮ್ಮನೆ ಉಬ್ಬು ಬಂದೇ ಬರುತ್ತದೆ.

2015ರ ಡಿಸೆಂಬರಿನಲ್ಲಿ ಹಾಗೇ ಆಯಿತು. ಇಲ್ಲಿನ ಎರಡು ದೊಡ್ಡ ಪ್ರಯೋಗಗಳು, ಅಟ್ಲಾಸ್ ಮತ್ತು ಸಿಎಂಎಸ್, ಒಂದೇ ಜಾಗದಲ್ಲಿ ಸಣ್ಣ ಉಬ್ಬು ತೋರಿಸಿದವು. ಪ್ರೋಟಾನಿಗಿಂತ ಸುಮಾರು 800 ಪಟ್ಟು ಭಾರದ ಕಣ ಇರಬಹುದು ಅಂತ ಗುಲ್ಲೆದ್ದಿತು. ಅದನ್ನು ವಿವರಿಸಲು 500ಕ್ಕೂ ಹೆಚ್ಚು ಪ್ರಬಂಧ ಬಂದವು. 2016ರ ಆಗಸ್ಟಿನಲ್ಲಿ ಜಾಸ್ತಿ ದತ್ತಾಂಶ ಸೇರಿಸಿ ನೋಡಿದರೆ ಉಬ್ಬು ಮಾಯ! ಯಾರೂ ಮೋಸ ಮಾಡಿರಲಿಲ್ಲ. ಬರೀ ಆಕಸ್ಮಿಕ. ಅದಕ್ಕೇ ಇಲ್ಲಿ ಕಟ್ಟುನಿಟ್ಟಿನ ನಿಯಮ ಇದೆ. ಉಬ್ಬು ಆಕಸ್ಮಿಕವಾಗಿ ಬರುವ ಸಾಧ್ಯತೆ ಸುಮಾರು 35 ಲಕ್ಷದಲ್ಲಿ ಒಂದಕ್ಕಿಂತ ಕಡಿಮೆ ಇರಬೇಕು. ಅಲ್ಲಿಯವರೆಗೆ "ಕಂಡುಹಿಡಿದೆವು" ಅನ್ನುವ ಹಾಗಿಲ್ಲ. ಪೇಪರಿನವರು ದೇವಕಣ ಅಂದರಲ್ಲ, ಆ ಹಿಗ್ಸ್ ಕಣ ಈ ಪರೀಕ್ಷೆ ದಾಟಿದ್ದು 2012ರ ಜುಲೈನಲ್ಲಿ. ಅದು ಇರಬೇಕು ಅಂತ ಕಾಗದದ ಮೇಲೆ ಬರೆದಿದ್ದು 1964ರಲ್ಲಿ.

ಅಪ್ಪಾಜಿ, ನಿಮಗೆ ಹೇಳಲೇಬೇಕಾದ ಕಥೆ ಬೇರೆ ಇದೆ. ನಮ್ಮ ಕೋಲಾರದ್ದು.

ಆಕಾಶದಿಂದ ಮ್ಯೂಯಾನ್ ಅನ್ನುವ ಕಣಗಳು ಸದಾ ಸುರಿಯುತ್ತವೆ. ಈ ಪತ್ರ ಹಿಡಿದಿರುವ ನಿಮ್ಮ ಅಂಗೈಯನ್ನೂ ಸೆಕೆಂಡಿಗೆ ಒಂದರಂತೆ ದಾಟಿ ಹೋಗುತ್ತಿವೆ. ನೆಲದೊಳಗೆ ಎಷ್ಟು ಆಳದವರೆಗೆ ಇಳಿಯುತ್ತವೆ ಅಂತ ಅಳೆಯಲು ಕೆಜಿಎಫ್ ಗಣಿಗಿಂತ ಒಳ್ಳೆ ಜಾಗ ಎಲ್ಲಿ? 1950ರ ದಶಕದ ಶುರುವಿನಲ್ಲಿ ಅಲ್ಲಿಗೆ ಉಪಕರಣ ಹೊತ್ತು ಇಳಿದವರು ಬಿ.ವಿ. ಶ್ರೀಕಂಠನ್. ನಂಜನಗೂಡಿನವರು! ಮುಂದೆ ಮುಂಬೈಯ ಟಾಟಾ ಸಂಶೋಧನಾ ಸಂಸ್ಥೆಗೆ ನಿರ್ದೇಶಕರೂ ಆದರು. ನಾನು ಮೈಸೂರಿನಲ್ಲಿ ಓದುವಾಗ ನಂಜನಗೂಡಿಗೆ ಎಷ್ಟು ಸಲ ಹೋಗಿದ್ದೆ, ಇವರ ಹೆಸರನ್ನು ಒಬ್ಬರೂ ಹೇಳಲಿಲ್ಲ. ರಸಬಾಳೆಯ ಬಗ್ಗೆ ಮಾತ್ರ ಎಲ್ಲರೂ ಹೇಳಿದರು.

1960ರ ದಶಕದ ಆರಂಭದಲ್ಲಿ ಅದೇ ಸಂಸ್ಥೆಯವರು ಇನ್ನೂ ಕೆಳಗೆ, 2.7 ಕಿ.ಮೀ. ಆಳದಲ್ಲಿ ಉಪಕರಣ ಇಟ್ಟರು. ಸುಮಾರು ಎರಡು ತಿಂಗಳು ಕಾದರು. ಒಂದೇ ಒಂದು ಮ್ಯೂಯಾನ್ ಬರಲಿಲ್ಲ. ಮಾವ ಅಲ್ಲಿದ್ದಿದ್ದರೆ ಏನು ಕೇಳುತ್ತಿದ್ದರು ಅಂತ ಗೊತ್ತಲ್ಲ.

ಆದರೆ ಆ ವಿಜ್ಞಾನಿಗಳಿಗೆ ಬೇಕಾಗಿದ್ದೂ ಅದೇ ಆಯಿತು. ನ್ಯೂಟ್ರಿನೋ ಅಂತ ಇನ್ನೊಂದು ಕಣ ಇದೆ. ಅದಕ್ಕೆ ಬಂಡೆ ಲೆಕ್ಕಕ್ಕೇ ಇಲ್ಲ, ಇಡೀ ಭೂಮಿಯನ್ನೇ ದಾಟಿಬಿಡುತ್ತದೆ. ಅಪರೂಪಕ್ಕೆ ಎಲ್ಲೋ ಕಲ್ಲಿಗೆ ಬಡಿದು ಮ್ಯೂಯಾನ್ ಹುಟ್ಟಿಸುತ್ತದೆ. ಆಕಾಶದಿಂದ ಸುರಿಯುವ ಮ್ಯೂಯಾನ್‌ಗಳ ಗಲಾಟೆ ಇದ್ದರೆ ಆ ಒಂದನ್ನು ಗುರುತಿಸಲು ಆಗದು. ಗಣಿಯ ಆಳದಲ್ಲಿ ಗಲಾಟೆಯೇ ಇಲ್ಲ ಅಂತ ಆ ಎರಡು ತಿಂಗಳಲ್ಲಿ ಗೊತ್ತಾಗಿತ್ತು. ಹಾಗಾಗಿ 2.3 ಕಿ.ಮೀ. ಆಳದಲ್ಲಿ ದೊಡ್ಡ ಉಪಕರಣ ನಿಲ್ಲಿಸಿದರು. ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್‌ನವರೂ ಜೊತೆಗೂಡಿದರು. ಅಡ್ಡಡ್ಡ ಬರುವ ಮ್ಯೂಯಾನ್‌ಗಾಗಿ ಕಾದರು. ಅಷ್ಟು ಕಲ್ಲನ್ನು ಹಾದು ಅಡ್ಡ ಬರಬೇಕಾದರೆ ಅದು ನ್ಯೂಟ್ರಿನೋದಿಂದಲೇ ಹುಟ್ಟಿರಬೇಕು. 1965ರಲ್ಲಿ ಸಿಕ್ಕಿತು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲೂ ಅದೇ ವರ್ಷ ಕಂಡಿತು. ಕಂಡಿದ್ದು ಅವರಿಗೆ ಮೊದಲು, ಅಚ್ಚಾಗಿದ್ದು ನಮ್ಮದು ಮೊದಲು. ಈ ಜಗಳ ಈಗಲೂ ಕಾಫಿ ಟೇಬಲ್ಲಿನಲ್ಲಿ ನಡೆಯುತ್ತದೆ. ನಾನು ಯಾವ ಕಡೆ ಅಂತ ಕೇಳಬೇಡಿ.

ಇನ್ನೊಂದು ಮಾತು. 1902ರಲ್ಲಿ ಆ ಗಣಿಗಳಿಗೆ ಮೊದಲು ಕರೆಂಟು ಹೋಗಿದ್ದು ನಮ್ಮ ಜಿಲ್ಲೆಯ ಶಿವನಸಮುದ್ರದಿಂದ. ಸುಮಾರು 147 ಕಿ.ಮೀ. ತಂತಿ ಎಳೆದಿದ್ದರು. ಇದನ್ನು ಮಾವನಿಗೆ ಜೋರಾಗಿ ಓದಿ.

ಪುಟ್ಟಿಗೆ ಹೇಳಿ, ಅವಳ ಹೈಸ್ಕೂಲು ಮಕ್ಕಳಿಗೆ ಮ್ಯೂಯಾನ್ ಕಣ್ಣಾರೆ ತೋರಿಸಬಹುದು. ಒಂದು ಗಾಜಿನ ಪೆಟ್ಟಿಗೆ ಬೇಕು. ಮೇಲುಗಡೆ ಒಳಗೆ ದಪ್ಪ ಬಟ್ಟೆ ಅಂಟಿಸಿ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ನೆನೆಸಬೇಕು. ಕೆಳಗೆ ಕಪ್ಪು ಬಣ್ಣದ ಲೋಹದ ತಟ್ಟೆ, ಅದರಡಿ ಡ್ರೈ ಐಸ್. ಪೆಟ್ಟಿಗೆಯೊಳಗೆ ಗಾಳಿ ಆಡದ ಹಾಗೆ ಮುಚ್ಚಿ, ಕೋಣೆ ಕತ್ತಲು ಮಾಡಿ, ಪಕ್ಕದಿಂದ ಟಾರ್ಚ್ ಬಿಡಬೇಕು. ಹತ್ತು ಹದಿನೈದು ನಿಮಿಷದಲ್ಲಿ ಬಿಳಿ ಗೆರೆಗಳು ಮೂಡಿ ಮಾಯವಾಗುತ್ತವೆ. ಉದ್ದ, ತೆಳು, ನೇರ ಗೆರೆ ಬಂದರೆ ಹೆಚ್ಚಾಗಿ ಮ್ಯೂಯಾನ್. ಗಿಡ್ಡ, ದಪ್ಪ ಗೆರೆ ಬಂದರೆ ಗಾಳಿಯಲ್ಲಿರುವ ರೇಡಾನ್ ಬಿಟ್ಟ ಆಲ್ಫಾ ಕಣ. ಡ್ರೈ ಐಸ್ ಮೈನಸ್ 78 ಡಿಗ್ರಿ ಇರುತ್ತದೆ, ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಸುಡುತ್ತದೆ. ಪರದೆ ಎಳೆದರೂ ಕೋಣೆಯ ಕಿಟಕಿ ತೆಗೆದಿರಲಿ, ಬೆಂಕಿಕಡ್ಡಿ ಹತ್ತಿರ ಸುಳಿಯದಿರಲಿ.

ಸರ್ನ್ 2014ರಿಂದ ನಿಜವಾದ ದತ್ತಾಂಶವನ್ನೇ ಎಲ್ಲರಿಗೂ ಬಿಟ್ಟಿಯಾಗಿ ಇಟ್ಟಿದೆ. ಅವಳ ಶಾಲೆಯ ಕಂಪ್ಯೂಟರಿನಲ್ಲೇ ಡಿಕ್ಕಿಯ ಚಿತ್ರ ತೆಗೆದು ನೋಡಬಹುದು. ಸ್ಮಾರ್ಟ್ ಬೋರ್ಡ್‌ನಲ್ಲಿ ಬರೀ ವಿಡಿಯೋ ಹಾಕಿ ಮುಗಿಸುವುದಕ್ಕಿಂತ ಇದು ಸಾವಿರ ಪಾಲು ಮೇಲು. ಮಕ್ಕಳೇ ನಕ್ಷೆ ಬಿಡಿಸಲಿ. ಉಬ್ಬು ಕಂಡು ಅವರೂ ಒಮ್ಮೆ ಕುಣಿಯಲಿ.

ಏಪ್ರಿಲ್‌ನಲ್ಲಿ ರಜೆ ಕೇಳಿದ್ದೇನೆ. ಬಂದಾಗ ಎಲ್ಲರೂ ಒಂದು ದಿನ ಕೆಜಿಎಫ್‌ಗೆ ಹೋಗೋಣ. ಗಣಿ 2001ರಲ್ಲೇ ಮುಚ್ಚಿದೆ, ಕೆಳಗೆಲ್ಲ ನೀರು ತುಂಬಿದೆ, ಇಳಿಯಲು ಆಗುವುದಿಲ್ಲ. ಚಿನ್ನ ತೆಗೆದು ಉಳಿದ ಮಣ್ಣು ಸುರಿದ ಹೊರಗಿನ ಸೈನೈಡ್ ದಿಬ್ಬ ನೋಡಿಕೊಂಡು ಬರೋಣ. ಕಬ್ಬು ಕಡಿಯುವ ಆಳುಗಳು ಸಿಕ್ಕಿದರಾ? ಹೋದ ವರ್ಷದ ಬಾಕಿ ಬಂತಾ? ಮಂಡಿ ನೋವಿಗೆ ಡಾಕ್ಟರು ಏನಂದರು ಅಂತ ಅವ್ವ ಮುಚ್ಚಿಡದೆ ಬರೆಯಲಿ.

ನಿಮ್ಮ ಮಗಳು