ನೋಡುವ ಜಾಗ ಬೇಕಾದಷ್ಟಿವೆ, ದಾರಿ ಹೇಳುವ ಫಲಕ ಬೇಕು

ಸಂಪಾದಕರಿಗೆ,

ಪರಊರಿನಿಂದ ಬೀಗರು ಬಂದರೆ ಹುಬ್ಬಳ್ಳಿ–ಧಾರವಾಡದಲ್ಲಿ ನಾವು ಅವರನ್ನು ಕರೆದೊಯ್ಯುವುದು ನಾಲ್ಕೇ ಕಡೆಗೆ. ಸಿದ್ಧಾರೂಢರ ಮಠ, ನೃಪತುಂಗ ಬೆಟ್ಟ, ಉಣಕಲ್ ಕೆರೆ, ಹೊರಡುವ ಮುನ್ನ ಲೈನ್ ಬಜಾರಿನ ಪೇಡೆ. ನಾಲ್ಕೂ ಒಳ್ಳೆಯವೇ. ಆದರೆ ಅದೇ ಬೀಗರು ಎರಡನೇ ಸಲ ಬಂದು ‘ಇನ್ನೇನಿದೆ ನಿಮ್ಮೂರಾಗ?’ ಎಂದು ಕೇಳಿದರೆ ಉತ್ತರ ತೋಚದೆ ಬಾದಾಮಿಗೋ ದಾಂಡೇಲಿಗೋ ಗಾಡಿ ತಿರುಗಿಸುತ್ತೇವೆ. ಅವಳಿ ನಗರದೊಳಗೆ ನೋಡುವಂಥ ಅಪರೂಪದ ಜಾಗಗಳಿಗೆ ಬರವಿಲ್ಲ. ಬಸ್ಸಿಳಿದ ಮೇಲೆ ಎತ್ತ ತಿರುಗಬೇಕು, ಯಾವ ದಿನ ಬಾಗಿಲು ತೆರೆದಿರುತ್ತದೆ, ಬೀಗ ಹಾಕಿದ್ದರೆ ಯಾರನ್ನು ಕೇಳಬೇಕು ಎಂಬುದನ್ನು ಮಾತ್ರ ಒಂದೇ ಕಡೆ ಯಾರೂ ಬರೆದಿಟ್ಟಿಲ್ಲ.

ಉಣಕಲ್ಲನ್ನೇ ತೆಗೆದುಕೊಳ್ಳಿ. ಕೆರೆ ಎಲ್ಲರಿಗೂ ಗೊತ್ತು. ಊರೊಳಗೆ ಮನೆಗಳ ನಡುವೆ ನಿಂತಿರುವ ಚಂದ್ರಮೌಳೇಶ್ವರ ಗುಡಿ ಹುಬ್ಬಳ್ಳಿಯವರಲ್ಲೇ ಬಹಳ ಜನಕ್ಕೆ ಗೊತ್ತಿಲ್ಲ. ಕಲ್ಯಾಣ ಚಾಲುಕ್ಯರ ಕಾಲದ ಗುಡಿ. ನಾಲ್ಕು ದಿಕ್ಕಿಗೂ ಬಾಗಿಲು, ಒಳಗೆ ನಾಲ್ಕು ಮುಖದ ಲಿಂಗ. ಈ ಭಾಗದ ಚಾಲುಕ್ಯ ಗುಡಿಗಳಲ್ಲಿ ಇಂಥ ಯೋಜನೆ ಅಪರೂಪ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಆಟೊದವರಿಗೆ ಬರೀ ‘ಉಣಕಲ್’ ಎಂದರೆ ಕೆರೆಯ ಮುಂದೆ ಇಳಿಸುತ್ತಾರೆ. ‘ಉಣಕಲ್ ಗುಡಿ’ ಎಂದರೆ ಸಿದ್ಧಪ್ಪಜ್ಜನ ಮಠಕ್ಕೆ ಒಯ್ಯುವುದೂ ಉಂಟು. ಚಂದ್ರಮೌಳೇಶ್ವರ ಎಂದು ಪೂರ್ತಿ ಹೆಸರು ಹೇಳಬೇಕು. ಅವಳಿ ನಗರದ ನಡುವೆ ಓಡುವ ಬಿಆರ್‌ಟಿಎಸ್‌ನ ಚಿಗರಿ ಬಸ್ಸಿನಲ್ಲಿ ಬರುವವರು ಎಲ್ಲ ನಿಲ್ದಾಣಗಳಲ್ಲೂ ನಿಲ್ಲುವ ಬಸ್ಸು ಹತ್ತಬೇಕು. ಎಕ್ಸ್‌ಪ್ರೆಸ್ ಹತ್ತಿದರೆ ಊರು ದಾಟಿ ಹೋಗಿ ಮತ್ತೆ ಹಿಂದಿರುಗುವ ಪಾಡು. ಓಣಿಯಲ್ಲಿ ನಡೆದೇ ಹೋಗುವುದು ಒಳ್ಳೆಯದು, ಕಾರು ಒಳಗೆ ತಂದರೆ ತಿರುಗಿಸಲು ಜಾಗ ಸಿಗದು.

ಹೊತ್ತೂ ಮುಖ್ಯ. ನಡುಮಧ್ಯಾಹ್ನ ಬಿಸಿಲು ನೆತ್ತಿಯ ಮೇಲಿರುವಾಗ ಗೋಡೆಯ ಕೆತ್ತನೆಯಲ್ಲಿ ನೆರಳೇ ಬೀಳುವುದಿಲ್ಲ, ಎಲ್ಲ ಚಪ್ಪಟೆಯಾಗಿ ಕಾಣುತ್ತದೆ. ಬೆಳಿಗ್ಗೆ 9ರೊಳಗೆ ಅಥವಾ ಸಂಜೆ 4ರ ಮೇಲೆ ಓರೆ ಬಿಸಿಲಿನಲ್ಲಿ ನೋಡಿದರೆ ಅದೇ ಗೋಡೆ ಬೇರೆಯಾಗಿ ತೋರುತ್ತದೆ. ಫೋಟೊದಲ್ಲಿ ನೋಡಿ ಹೋಗಿ ‘ಅಷ್ಟೇನೂ ಇಲ್ಲ’ ಎಂದು ಬರುವವರಲ್ಲಿ ಹೆಚ್ಚಿನವರು ಹೋಗಿದ್ದು ಹೊತ್ತಲ್ಲದ ಹೊತ್ತಿನಲ್ಲಿ. ನವನಗರದ ಪಕ್ಕದ ಅಮರಗೋಳದಲ್ಲಿರುವ ಶಂಕರಲಿಂಗ–ಬನಶಂಕರಿ ಗುಡಿಗೂ ಇದೇ ಮಾತು ಸಲ್ಲುತ್ತದೆ. ಎರಡನ್ನೂ ಒಂದೇ ಬೆಳಿಗ್ಗೆ ಮುಗಿಸಬಹುದು, ಎರಡೂ ಒಂದೇ ಬಸ್ಸಿನ ದಾರಿಯಲ್ಲಿವೆ.

ಇನ್ನು ಬೆಂಗೇರಿ. ದೊಡ್ಡದೊಂದು ಹೆಮ್ಮೆ ಹುಬ್ಬಳ್ಳಿಯ ಈ ಭಾಗಕ್ಕಿದೆ. 1957ರಲ್ಲಿ ಶುರುವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಭಾರತೀಯ ಮಾನಕ ಬ್ಯೂರೊ ಗುರುತಿನ ಖಾದಿ ರಾಷ್ಟ್ರಧ್ವಜ ತಯಾರಾಗುತ್ತದೆ. ನೂಲು ಬಟ್ಟೆಯಾಗುವುದು ಧಾರವಾಡ ತಾಲ್ಲೂಕಿನ ಗರಗ, ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಂಥ ಕಡೆ, ಧ್ವಜವಾಗುವುದು ಬೆಂಗೇರಿಯಲ್ಲಿ. ಅಲ್ಲಿ ಗಮನಿಸಬೇಕಾದದ್ದು ಬಟ್ಟೆ ಎರಡು ಬಗೆಯದು ಎಂಬುದನ್ನು. ಹಾರಾಡುವ ಭಾಗಕ್ಕೆ ತೆಳುವಾದ ಬಂಟಿಂಗ್ ಖಾದಿ, ಹಗ್ಗ ತೂರಿಸುವ ಅಂಚಿನ ಪಟ್ಟಿಗೆ ದಪ್ಪನೆಯ ಡಕ್ ಖಾದಿ. ಗಾಳಿಯ ಎಳೆತವೆಲ್ಲ ಆ ಪಟ್ಟಿಯ ಮೇಲೇ ಬೀಳುವುದರಿಂದ ತೆಳು ಬಟ್ಟೆ ಅಲ್ಲಿ ತಡೆಯುವುದಿಲ್ಲ. ಬಣ್ಣ ಹಾಕಿ, ಬಿಳಿಯ ಪಟ್ಟಿಯ ಮೇಲೆ 24 ಅರೆಗಳ ಚಕ್ರ ಅಚ್ಚೊತ್ತಿ, ಮೂರು ಪಟ್ಟಿ ಸೇರಿಸಿ ಹೊಲಿದು, ಕೊನೆಗೆ ಹಗ್ಗ, ಅದನ್ನು ಸಿಕ್ಕಿಸುವ ಕಟ್ಟಿಗೆಯ ತುಂಡು ಜೋಡಿಸುತ್ತಾರೆ. ಚಕ್ರವನ್ನು ಎರಡೂ ಬದಿಗೆ ಅಚ್ಚೊತ್ತಬೇಕು, ಒಂದು ಬದಿಯದು ಇನ್ನೊಂದರ ಮೇಲೆ ಸರಿಯಾಗಿ ಕೂರಬೇಕು. ಕೂದಲೆಳೆಯಷ್ಟು ಸರಿದರೂ ಬಿಸಿಲಿಗೆ ಹಿಡಿದಾಗ ಜೋಡಿ ಗೆರೆ ಕಾಣುತ್ತದೆ, ಅಂಥ ಧ್ವಜ ಹೊರಬೀಳುವ ಹಾಗಿಲ್ಲ. ಬಣ್ಣದ ಛಾಯೆ, ಉದ್ದ ಅಗಲದ 3:2 ಪ್ರಮಾಣ, ಹೊಲಿಗೆ, ಎಲ್ಲಕ್ಕೂ ಅಳತೆಯಿದೆ. ಮೇಜಿನ ಮೇಲಿಡುವ 6×4 ಅಂಗುಲದಿಂದ ಹಿಡಿದು 21×14 ಅಡಿಯವರೆಗೆ ಒಟ್ಟು 9 ಅಳತೆಗಳು.

ಇದು ಕೆಲಸ ನಡೆಯುವ ಜಾಗ, ಪ್ರದರ್ಶನದ ಜಾಗವಲ್ಲ. ಮೊದಲೇ ಕೇಳಿ, ಕೆಲಸದ ದಿನ, ನಾಲ್ಕೈದು ಜನ ಮಾತ್ರ ಹೋಗಬೇಕು. ಆಗಸ್ಟ್ 15 ಮತ್ತು ಜನವರಿ 26ರ ಹಿಂದಿನ ವಾರಗಳಲ್ಲಿ ಹೋಗಿ ಹೊಲಿಯುವ ಹೆಣ್ಣುಮಕ್ಕಳ ಕೈ ಕಟ್ಟಿಹಾಕಬಾರದು. ನೋಡಿ ಬರುವಾಗ ಸಂಘದ ಮಳಿಗೆಯಿಂದ ಒಂದು ಮೀಟರ್ ಖಾದಿಯಾದರೂ ಕೊಂಡರೆ ಆ ಕೈಗಳಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಬೇರೆಯಿಲ್ಲ.

ನಮ್ಮಲ್ಲಿ ಹೆಚ್ಚಿನವರು ಎಡವುವುದು ಭಾನುವಾರ. ಬಿಡುವಿರುವುದು ಭಾನುವಾರ, ಬಾಗಿಲು ಮುಚ್ಚಿರುವುದೂ ಅಂದೇ. ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿ ಕನ್ನಡ ಸಂಶೋಧನ ಸಂಸ್ಥೆಯ ವಸ್ತುಸಂಗ್ರಹಾಲಯವಿದೆ. ಶಾಸನ, ವೀರಗಲ್ಲು, ಮೂರ್ತಿ, ತಾಳೆಗರಿ ಎಲ್ಲ ಒಂದೇ ಸೂರಿನಡಿ. ಅದಕ್ಕೆ ಕಚೇರಿಯ ದಿನಗಳಲ್ಲೇ ಹೋಗಬೇಕು. ಧಾರವಾಡದಲ್ಲಿ ಮಲ್ಲಿಕಾರ್ಜುನ ಮನ್ಸೂರರ ಮನೆ ‘ಮೃತ್ಯುಂಜಯ’, ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಗಂಗೂಬಾಯಿ ಹಾನಗಲ್ಲರ ‘ಗಂಗಾಲಹರಿ’ ಸಂಗ್ರಹಾಲಯಗಳಾಗಿವೆ. ಮನೆಗಳಾದ್ದರಿಂದ ಹೊರಡುವ ಮೊದಲು ಫೋನ್ ಮಾಡಿ ಹೊತ್ತು ಕೇಳಿಕೊಳ್ಳುವುದೇ ಸರಿ. ಪುರಾತತ್ವ ಇಲಾಖೆಯ ಸ್ಥಳ ಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ಶುಕ್ರವಾರ ರಜೆ. ಹಾಗಾಗಿ ಭಾನುವಾರವನ್ನು ಗುಡಿ, ಕೆರೆಗಳಿಗೆ ಇಟ್ಟುಕೊಂಡು, ಬೆಂಗೇರಿ ಮತ್ತು ಸಂಗ್ರಹಾಲಯಗಳಿಗೆ ವಾರದ ನಡುವಿನ ಒಂದು ರಜೆ ಹಾಕುವುದು ಜಾಣತನ.

ಮಕ್ಕಳಿದ್ದರೆ ಗದಗ ರಸ್ತೆಯ ರೈಲ್ವೆ ಮ್ಯೂಸಿಯಂ ಇದೆ, 2020ರಲ್ಲಿ ತೆರೆದದ್ದು. ಹಾಗೆಯೇ ಹುಬ್ಬಳ್ಳಿ ರೈಲು ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರಂ. ಜಗತ್ತಿನಲ್ಲೇ ಉದ್ದದ್ದು ಎಂದು ಎಲ್ಲರೂ ಹೇಳುತ್ತಾರೆ, ತುದಿಯಿಂದ ತುದಿಗೆ ನಡೆದವರು ಕಡಿಮೆ. ಆರಾಮಾಗಿ ನಡೆದರೆ ಹೋಗಲು 20 ನಿಮಿಷ, ಬರಲು ಅಷ್ಟೇ. ಪ್ಲಾಟ್‌ಫಾರಂ ಟಿಕೆಟ್ಟಿನ ಅವಧಿ 2 ಗಂಟೆ, ಸಾಕಾಗುತ್ತದೆ.

ಧಾರವಾಡದ ಸೋಮೇಶ್ವರ ಗುಡಿಯ ಬಗ್ಗೆ ನಮಗೆ ವಿಶೇಷ ಪ್ರೀತಿ. ಶಾಲ್ಮಲೆ ಹುಟ್ಟುವುದು ಅಲ್ಲಿ. ಆ ನೀರು ಕಲಘಟಗಿ ಕಡೆ ಇಳಿದು, ಬೇಡ್ತಿಯಾಗಿ, ಗಂಗಾವಳಿಯಾಗಿ ಅರಬ್ಬೀ ಸಮುದ್ರ ಸೇರುತ್ತದೆ. ಹುಬ್ಬಳ್ಳಿ ಕಡೆಯ ಬೆಣ್ಣಿಹಳ್ಳದ ನೀರು ನವಲಗುಂದದ ಮೇಲೆ ಹಾಯ್ದು ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ, ಕೊನೆಗೆ ಬಂಗಾಳ ಕೊಲ್ಲಿಗೆ. ಒಂದೇ ಅವಳಿ ನಗರದ ಮಳೆ ಎರಡು ಸಮುದ್ರಕ್ಕೆ ಹಂಚಿಹೋಗುವ ಈ ಸಂಗತಿಯನ್ನು ತಿಳಿಸುವ ದೊಡ್ಡದೊಂದು ನಕ್ಷೆ ಅಲ್ಲಿ ನಿಲ್ಲಬೇಕು. ಜಲಪಾತ ಕಾಣುವ ಆಸೆಯಿಂದ ಯಾರೂ ಹೋಗಬೇಡಿ, ಉಗಮದ ನೀರು ಸಣ್ಣದು. ಜುಲೈಯಿಂದ ಅಕ್ಟೋಬರ್ ಒಳಗೆ ಹೋದರೆ ಸುತ್ತಲಿನ ಹಸಿರಾದರೂ ಸಿಗುತ್ತದೆ.

ಇಂಥ ಜಾಗಗಳನ್ನು ಸ್ವತಃ ಹುಡುಕುವವರಿಗೆ ಒಂದು ತೊಡಕಿದೆ. ಮೊಬೈಲಿನಲ್ಲಿ ಹುಬ್ಬಳ್ಳಿ ಎಂದು ಈಗಿನ ಕಾಗುಣಿತದಲ್ಲಿ ಹುಡುಕಿದರೆ ಹಳೆಯ ಬರಹಗಳು ಸಿಗುವುದಿಲ್ಲ. ಇಂಗ್ಲಿಷಿನಲ್ಲಿ ಹೆಸರು ಬದಲಾದದ್ದು 2014ರ ನವೆಂಬರ್ 1ರಂದು. ಅದಕ್ಕೂ ಹಿಂದಿನದು ಹುಬ್ಳಿ ಎಂಬ ಹೆಸರಿನಲ್ಲಿದೆ, ಇನ್ನೂ ಹಳೆಯ ಪುಸ್ತಕಗಳಲ್ಲಿ ಧಾರವಾಡ ಧಾರ್ವಾರ್ ಆಗಿದೆ. ಗದಗ, ಹಾವೇರಿ ಬೇರೆ ಜಿಲ್ಲೆಗಳಾದದ್ದು 1997ರಲ್ಲಿ, ಆದ್ದರಿಂದ ಅಲ್ಲಿನ ಗುಡಿ, ಶಾಸನಗಳ ವಿವರಕ್ಕೂ ಹಳೆಯ ಪುಸ್ತಕಗಳಲ್ಲಿ ಧಾರವಾಡ ಜಿಲ್ಲೆಯನ್ನೇ ತೆರೆಯಬೇಕು. 1884ರ ಮುಂಬಯಿ ಪ್ರಾಂತ್ಯದ ಗೆಝೆಟಿಯರಿನ 22ನೇ ಸಂಪುಟ ಪೂರ್ತಿ ಧಾರವಾಡದ್ದು. ಊರೂರಿನ ಹೆಸರಿನಡಿ ಗುಡಿ, ಕೆರೆ, ಶಾಸನಗಳ ವಿವರ ಕೊಡುವ ಅಧ್ಯಾಯ ಅದರಲ್ಲಿದೆ. ಅದನ್ನು ಓದಿ, ಪುರಾತತ್ವ ಇಲಾಖೆಯ ಧಾರವಾಡ ವೃತ್ತದ ಸಂರಕ್ಷಿತ ಸ್ಮಾರಕಗಳ ಪಟ್ಟಿಯೊಂದಿಗೆ ಹೋಲಿಸಿ, ಆಮೇಲೆ ಆ ಊರಿನ ಹಿರಿಯರನ್ನು ಕೇಳಿದರೆ ದಾರಿ ತಪ್ಪುವ ಸಂಭವ ಕಡಿಮೆ. ಪಟ್ಟಿಯಲ್ಲಿಲ್ಲದ ಒಳ್ಳೆಯ ವೀರಗಲ್ಲುಗಳು ಎಷ್ಟೋ ಹಳ್ಳಿಯ ಅಗಸಿಯ ಬಳಿ, ಹನುಮಪ್ಪನ ಗುಡಿಯ ಹಿಂದೆ ಇವೆ.

ಒಂದು ದಿನ ಹೆಚ್ಚಿದ್ದರೆ ಗದಗ ದಾರಿ ಹಿಡಿಯಬಹುದು. ನಡುವೆ ಅಣ್ಣಿಗೇರಿಯ ಅಮೃತೇಶ್ವರ ಗುಡಿ, 76 ಕಂಬಗಳದ್ದು. ಗದಗದಿಂದ ಸುಮಾರು 12 ಕಿಲೋಮೀಟರ್ ದೂರದ ಲಕ್ಕುಂಡಿಗೆ ಹೋದವರು ಕಾಶಿವಿಶ್ವೇಶ್ವರ ನೋಡಿ ಬಸ್ಸು ಹತ್ತಿಬಿಡುತ್ತಾರೆ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ, ಮಾಣಿಕೇಶ್ವರ ಗುಡಿಯ ಮುಂದಿನ ಮುಸುಕಿನ ಬಾವಿ ಇವೆರಡಕ್ಕೂ ಊರೊಳಗೆ ನಡೆಯಬೇಕು, ಅರ್ಧ ದಿನ ಬೇಕು. ಚಳಿಗಾಲದಲ್ಲಾದರೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಅವು ಮೇಯಲು ಸುತ್ತಲಿನ ಹೊಲಗಳಿಗೆ ಹೋಗುವುದರಿಂದ ಕೆರೆ ಖಾಲಿ ಕಂಡರೆ ತಾಸು ಹೊತ್ತು ಕಾಯಬೇಕು.

ಪಾಲಿಕೆ, ಪ್ರವಾಸೋದ್ಯಮ ಇಲಾಖೆ ಮತ್ತು ಬಿಆರ್‌ಟಿಎಸ್ ಸಂಸ್ಥೆಯನ್ನು ನಾವು ಕೇಳುವುದು ದೊಡ್ಡದೇನಲ್ಲ. ಉಣಕಲ್, ನವನಗರ ನಿಲ್ದಾಣಗಳ ಒಳಗೇ, ಇಳಿದವರ ಕಣ್ಣಿಗೆ ಬೀಳುವಂತೆ, ಬಾಣದ ಗುರುತು ಮತ್ತು ಎಷ್ಟು ನಿಮಿಷದ ನಡಿಗೆ ಎಂಬುದನ್ನು ಕನ್ನಡದಲ್ಲಿ ಬರೆದ ಫಲಕ ಹಾಕಲಿ. ಮುಖ್ಯ ರಸ್ತೆಯಲ್ಲೊಂದು ಫಲಕ ಹಾಕಿ ಕೈಬಿಟ್ಟರೆ ಪ್ರಯೋಜನವಿಲ್ಲ, ಓಣಿ ಕವಲೊಡೆಯುವ ಪ್ರತಿ ಕಡೆಯೂ ಬೇಕು. ಸ್ಮಾರಕದ ಬಾಗಿಲ ಬಳಿ ತೆರೆಯುವ, ಮುಚ್ಚುವ ಹೊತ್ತು ಮತ್ತು ಕಚೇರಿಯ ಫೋನ್ ಸಂಖ್ಯೆ ಇರಲಿ. ಫಲಕ ಬರೆಸುವ ಮುನ್ನ ಆ ಓಣಿಯ ಮನೆಯವರೊಡನೆ ಒಮ್ಮೆ ಕೂತು ಮಾತಾಡಲಿ. ಗಾಡಿ ಎಲ್ಲಿ ನಿಲ್ಲಿಸಬೇಕು, ಯಾವ ಕಟ್ಟೆ ದಾಟಬಾರದು ಎಂದು ಅವರೇ ಹೇಳುತ್ತಾರೆ, ಜನ ಬಂದರೆ ತೊಂದರೆಪಡುವವರೂ ಅವರೇ.

ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಶುಕ್ರವಾರಕ್ಕೊಮ್ಮೆ ಒಂದು ಜಾಗದ ದಾರಿ, ದಿನ, ಹೊತ್ತುಗಳನ್ನು ಸಣ್ಣ ಚೌಕಟ್ಟಿನಲ್ಲಿ ಅಚ್ಚು ಮಾಡಿದರೆ ವಾರದ ಕೊನೆಗೆ ಓದುಗರಿಗೆ ಉಪಯೋಗವಾಗುತ್ತದೆ. ಮಾಹಿತಿ ಹೊಂದಿಸಿ, ಹೋಗಿ ಪರಿಶೀಲಿಸಿ ಕೊಡಲು ನಾವು ಸಿದ್ಧರಿದ್ದೇವೆ.

– ಅವಳಿ ನಗರದ ಕೆಲವು ಓದುಗರು, ಧಾರವಾಡ