ಮಲೆನಾಡಿನ ಹಪ್ಪಳಕ್ಕೆ ತಕ್ಕ ಪೊಟ್ಟಣ

ಮಾನ್ಯರೇ,

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಕೆಲವು ಗೃಹೋದ್ಯಮಿಗಳು ಹಲಸಿನ ಹಪ್ಪಳಕ್ಕೆ ಅಗ್ಗವೆಂದು ತೆಳು ಪ್ಲಾಸ್ಟಿಕ್ ಚೀಲಗಳನ್ನೇ ಆರಿಸುತ್ತಾರೆ. ಆದರೆ ನಮ್ಮ ಮಳೆಗಾಲದ ಥಂಡಿಗೆ ಹಪ್ಪಳ ಮೆತ್ತಗಾಗಿ ಬೂಸು ಹಿಡಿದರೆ, ಉಳಿಸಿದ ಹಣಕ್ಕಿಂತ ಕಳೆದುಕೊಂಡ ಗಿರಾಕಿಯೇ ದುಬಾರಿ. ತೇವ ತಡೆಯುವ ಬಹುಪದರದ ಪೌಚ್‌ನ ಮೇಲೆ ಹೆಸರು ಅಚ್ಚು ಹಾಕಿಸಲು ಹೊರಟರೆ ಮುದ್ರಣದ ಅಚ್ಚಿನ (ಸಿಲಿಂಡರ್) ಖರ್ಚಿನ ಜೊತೆಗೆ ಸಾವಿರಗಟ್ಟಲೆ ಪೌಚ್ ಕೊಳ್ಳಬೇಕಾಗುವುದರಿಂದ, ಸಾದಾ ಪೌಚ್ ತಂದು ತೂಕ, ತಯಾರಿಕೆಯ ದಿನಾಂಕ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಸಂಖ್ಯೆ ಮೊದಲಾದ ವಿವರಗಳ ಚೀಟಿ ಅಂಟಿಸುವುದೇ ಸಣ್ಣವರಿಗೆ ಕೈಗೆಟಕುವ ದಾರಿ. ಅಪ್ಪೆಮಿಡಿ ಉಪ್ಪಿನಕಾಯಿಗೆ ಗಾಜಿನ ಭರಣಿ ಚೆಂದವೇ; ಕೊರಿಯರ್‌ನಲ್ಲಿ ಗಾಜಿನ ಭಾರಕ್ಕೂ ದುಡ್ಡು ತೆರಬೇಕಷ್ಟೆ! ಮಹಿಳಾ ಸ್ವಸಹಾಯ ಗುಂಪುಗಳ ಸಂಜೀವಿನಿ ಒಕ್ಕೂಟಗಳು ಸದಸ್ಯೆಯರ ಬೇಡಿಕೆಯನ್ನು ಒಟ್ಟುಗೂಡಿಸಿ ಆಹಾರದರ್ಜೆಯ ಪೌಚ್‌ಗಳನ್ನು ಸಗಟಾಗಿ ತರಿಸಲು ಶಿವಮೊಗ್ಗ ಜಿಲ್ಲಾ ಪಂಚಾಯಿತಿ ನೆರವಾಗಬೇಕೆಂದು ಕೋರುತ್ತೇನೆ.

— ಓದುಗರೊಬ್ಬರು, ತೀರ್ಥಹಳ್ಳಿ